ಗೋವೆಯವರ ಕೋಣೆ ಖಾಲಿ ಮಾಡಿದ್ದು

ಪಕ್ಕದ ಮನೆಯವರ ಬಟ್ಟಲೊಂದು ನಮ್ಮ ಅಡುಗೆಮನೆಯ ಗೋಡೆಯ ಮಾಡದಲ್ಲಿ ಕೂತು ಇವತ್ತಿಗೆ ಐದು ದಿನವಾಯಿತು. ಬಂದಾಗ ಅದರ ತುಂಬ ಮಾವಿನ ಉಪ್ಪಿನಕಾಯಿ ಇತ್ತು. ಅದು ಬಂದ ದಿನವೇ ಮುಗಿಯಿತು. ಮುಗಿಸಿದವನು ನಾನೇ ಎಂದು ಮನೆಯಲ್ಲಿ ಆಪಾದನೆಯಿದೆ. ನಾನದನ್ನು ಅಲ್ಲಗಳೆಯಲು ಹೋಗಿಲ್ಲ. ಈಗ ಬಟ್ಟಲನ್ನು ತೊಳೆದು ಒರೆಸಿ ಇಟ್ಟಿದ್ದೇವೆ, ಆದರೆ ಹಿಂದಿರುಗಿಸುವಂತಿಲ್ಲ. ಈ ಯುದ್ಧದ ಕಾಲದಲ್ಲಿ ಸಕ್ಕರೆಗೆ ಚೀಟಿ ಬಂದಿದೆ, ಸೀಮೆಎಣ್ಣೆಗೆ ಸರದಿ ನಿಲ್ಲಬೇಕು. ಬಟ್ಟಲಿಗೆ ಹಾಕುವಂಥ ಮರ್ಯಾದೆಯ ಪದಾರ್ಥ ಮನೆಯಲ್ಲಿ ಒಂದೂ ಇಲ್ಲ.

“ಬಟ್ಟಲಾ ಅವರದ. ತೊಳದ ಅವರಿಗೇ ಕೊಟ್ರ ಆತು” ಎಂದೆ.

“ಬರೇ ಬಟ್ಟಲಾ ಹೆಂಗ ಕೊಡೂದ್ರಿ? ಸಾಲಿ ಮಾಸ್ತರ ಆಗಿ ಹಿಂಗ ಮಾತಾಡ್ತೀರಿ” ಎಂದಳು ಹೆಂಡತಿ.

ಹುಕ್ಕೇರಿಯ ಮಕ್ಕಳಿಗೆ ಎಂಟು ವರ್ಷದಿಂದ ಪಾಠ ಹೇಳುತ್ತಿರುವ ನಾನು ಬಟ್ಟಲನ್ನು ತಿರುಗಿ ಮಾಡದಲ್ಲೇ ಇಟ್ಟೆ. ನಿಮ್ಮ ಮನೆಯಲ್ಲೂ ಇದೇ ಕಥೆಯಿರಬೇಕು. ಬಂದ ಪಾತ್ರೆಯನ್ನು ಬರಿದಾಗಿ ಕಳಿಸುವುದೆಂದರೆ ನಮ್ಮ ಹೆಂಗಸರಿಗೆ ಬಂದ ನೆಂಟರನ್ನು ನೀರು ಕೂಡ ಕೊಡದೆ ಕಳಿಸಿದ ಹಾಗೆ. ಮೂಡಲಗಿಯಲ್ಲಿ ನನ್ನ ತಾಯಿಯ ಮಾಡದಲ್ಲಂತೂ ಓಣಿಯವರ ಮೂರ್ನಾಲ್ಕು ಪಾತ್ರೆಗಳು ಯಾವಾಗಲೂ ಕಾಯುತ್ತ ಕೂತಿರುತ್ತಿದ್ದವು. ಅವುಗಳನ್ನು ತಲುಪಿಸುವವನು ನಾನು. ಅವ್ವ ತುಂಬಿ ಕೊಟ್ಟ ಬೆಲ್ಲ, ಪುಟಾಣಿ, ಕೊಬ್ಬರಿ ಎರಡು ಮನೆ ದಾಟುವಷ್ಟರಲ್ಲಿ ಅರ್ಧವಾಗುತ್ತಿತ್ತು, ನಾಲ್ಕು ಮನೆ ದಾಟಿದರೆ ಪಾತ್ರೆಯ ತಳ ಕಾಣುತ್ತಿತ್ತು. ನನ್ನ ತಾಯಿಗೆ ಓಣಿಯಲ್ಲಿ ಬಹಳ ದಿನ ಜುಗ್ಗಿ ಎಂಬ ಹೆಸರಿತ್ತು. ಅದು ಯಾಕೆ ಬಂತೆಂದು ಆಕೆಗೆ ಕಡೆಯವರೆಗೂ ತಿಳಿಯಲಿಲ್ಲ, ನಾನೂ ಹೇಳಲಿಲ್ಲ.

ಆದರೆ ಈ ಪದ್ಧತಿಯ ಪೂರ್ತಿ ಪ್ರತಾಪವನ್ನು ನಾನು ಕಂಡದ್ದು ಗೋಕಾಕದಲ್ಲಿ, ಮ್ಯಾಟ್ರಿಕ್ ಪರೀಕ್ಷೆ ಮುಗಿದ ಬೇಸಿಗೆಯಲ್ಲಿ. ಅಲ್ಲಿಯ ಇಂಗ್ಲಿಷ್ ಶಾಲೆಗೆ ನಾನು ಮೂಡಲಗಿಯಿಂದ ಹೋಗಿದ್ದೆ. ನೀಲಕ್ಕ ಎಂಬ ವಿಧವೆಯ ಮನೆಯ ಒಳಕೋಣೆಯಲ್ಲಿ ಬಾಡಿಗೆಗಿದ್ದೆ. ಆ ಮನೆಗಿದ್ದದ್ದು ಎರಡೇ ಕೋಣೆ. ಹೊರಗಿನದರಲ್ಲಿ ಆಕೆ, ಒಳಗಿನದರಲ್ಲಿ ನಾವು ಮೂವರು. ಉಳಿದಿಬ್ಬರು ಪರದೇಶದವರು. ಪರದೇಶವೆಂದರೆ ಹಡಗು ಹತ್ತಬೇಕಾದ ದೇಶವಲ್ಲ, ಗೋವೆ. ಆದರೆ ಲೋಂಡಾದಲ್ಲಿ ಗಾಡಿ ಬದಲಿಸಿ ಕ್ಯಾಸಲ್‌ರಾಕ್ ದಾಟಿದರೆ ಬೇರೆ ಬಾವುಟ, ಬೇರೆ ನಾಣ್ಯ, ಬೇರೆ ಪೊಲೀಸು; ಅಷ್ಟಿದ್ದರೆ ಪರದೇಶವಾಗಲು ಸಾಕು. ದತ್ತಾರಾಮ ಮತ್ತು ಅವನ ಕಾಕಾನ ಮಗ ಪುಂಡಲೀಕ ಇಂಗ್ಲಿಷ್ ಕಲಿಯಲು ಗೋಕಾಕಕ್ಕೆ ಬಂದಿದ್ದರು. ಊರಲ್ಲಿ ಕೊಂಕಣಿ, ಶಾಲೆಯಲ್ಲಿ ಇಂಗ್ಲಿಷ್, ನೀಲಕ್ಕನೊಡನೆ ಮರಾಠಿ ಬೆರೆಸಿದ ಕನ್ನಡ. ನಾಲ್ಕು ವರ್ಷದಲ್ಲಿ ಅವರು ನನಗಿಂತ ಚೆನ್ನಾಗಿ ಕನ್ನಡದಲ್ಲಿ ಬೈಯಲು ಕಲಿತಿದ್ದರು.

ಅವರು ಅನ್ನ ಉಣ್ಣುವ ಜನ. ರೊಟ್ಟಿಯ ಊರಲ್ಲಿ ಅನ್ನ ಬೇಯಿಸಿಕೊಂಡು ಬದುಕಬೇಕಾದರೆ ಬೇಕಾಗುವ ಸಾಮಾನು ಒಂದೆರಡಲ್ಲ. ಹಿತ್ತಾಳೆಯ ಪಾತೇಲಿಗಳು, ಸ್ಟೋವು, ಎರಡು ಕಂದೀಲು, ಕೊಬ್ಬರಿ ತುರಿಯುವ ಹಲ್ಲಿನ ಮಣೆ, ಒಂದು ಮುರುಕು ಕುರ್ಚಿ, ಚಾಪೆ, ಕೊಡ, ಕೋಟು. ಇವೆಲ್ಲದರ ಹಿಂದೆ, ಮೂಲೆಯಲ್ಲಿ, ಬಾಯಿಗೆ ಮೂರು ಪದರ ಬಟ್ಟೆ ಬಿಗಿದ ಒಂದು ಬರಣಿ. ಅದರಲ್ಲಿ ಒಣ ಸಿಗಡಿ ಇತ್ತು. ನೀಲಕ್ಕ ಕೊರಳಲ್ಲಿ ಲಿಂಗ ಕಟ್ಟಿದವಳು. ಬ್ರಾಹ್ಮಣರ ಹುಡುಗರೆಂದು ನಂಬಿ ಕೋಣೆ ಕೊಟ್ಟಿದ್ದಳು. ಗೋವೆಯ ಬ್ರಾಹ್ಮಣರಿಗೆ ಮೀನು ಕೂಡ ಒಂದು ಕಾಯಿಪಲ್ಯ ಎಂಬುದು ಆಕೆಗೆ ಗೊತ್ತಿರಲಿಲ್ಲ ಎಂದು ನಾವು ತಿಳಿದಿದ್ದೆವು. ನನ್ನ ಬಾಯಿ ಮುಚ್ಚಿಸಲು ದತ್ತಾರಾಮ ನನ್ನ ರೇಖಾಗಣಿತ ಮಾಡಿಕೊಡುತ್ತಿದ್ದ. ಮ್ಯಾಟ್ರಿಕ್ಕಿನಲ್ಲಿ ನಾನು ಪಾಸಾದದ್ದಕ್ಕೆ ಆ ಸಿಗಡಿಗಳ ಋಣ ಬಹಳವಿದೆ.

ಈ ಸಾಮಾನಲ್ಲಿ ಒಂದನ್ನೂ ಅವರು ಊರಿಗೆ ಒಯ್ಯುವಂತಿರಲಿಲ್ಲ. ಗಡಿಯಲ್ಲಿ ಜಕಾತಿಯವರು ಪೆಟ್ಟಿಗೆ ಬಿಚ್ಚಿಸಿ ಒಂದೊಂದನ್ನೂ ಎತ್ತಿ ನೋಡುತ್ತಿದ್ದರು. ಒಮ್ಮೆ ಪುಂಡಲೀಕ ತಂಗಿಗೆಂದು ಗೋಕಾಕದ ಬಣ್ಣದ ಕಟ್ಟಿಗೆಯ ಹಣ್ಣುಗಳನ್ನು ಒಯ್ದಿದ್ದ. ಇದೇನೆಂದು ಕೇಳಿದರೆ ಪೇರಲಹಣ್ಣು ಎಂದನಂತೆ. ಜಕಾತಿಯವನು ಕಚ್ಚಿ ನೋಡಿದ. ಆಮೇಲೆ ಇವನನ್ನು ಅಲ್ಲಿಯೇ ಅರ್ಧ ದಿನ ಕೂರಿಸಿದರು. ಅಂದಿನಿಂದ ಇಬ್ಬರೂ ಮೈಮೇಲಿನ ಬಟ್ಟೆ ಮತ್ತು ಒಂದೊಂದು ಗಂಟು ಬಿಟ್ಟರೆ ಏನನ್ನೂ ಒಯ್ಯುವುದಿಲ್ಲ ಎಂದು ಆಣೆ ಮಾಡಿದ್ದರು. ಹೀಗಾಗಿ ಪರೀಕ್ಷೆ ಮುಗಿದ ಮೇಲೆ ಉಳಿದ ಪ್ರಶ್ನೆ ಒಂದೇ: ಕೋಣೆ ಖಾಲಿಯಾಗುವುದು ಹೇಗೆ?

ಖಾಲಿಯಾಗಲೇಬೇಕಿತ್ತು, ಅದೂ ಗುರುವಾರದೊಳಗೆ. ನೀಲಕ್ಕನ ಒಬ್ಬಳೇ ಮಗಳು ಚೆನ್ನವ್ವನನ್ನು ಹುಕ್ಕೇರಿಗೆ ಕೊಟ್ಟಿತ್ತು. ಆಕೆಗೆ ದಿನ ತುಂಬಿದ್ದವು. ಗುರುವಾರ ಹೆರಿಗೆಗೆ ಬರುವವಳಿದ್ದಳು. ನೀಲಕ್ಕ ನಮಗೆ ಹೇಳಿದ್ದು ಇಷ್ಟೇ. ಉಳಿದದ್ದನ್ನು ಎದುರುಮನೆಯ ಮಲ್ಲವ್ವ ನನ್ನನ್ನು ಕಟ್ಟೆಯ ಬಳಿ ನಿಲ್ಲಿಸಿ ಹೇಳಿದಳು.

“ಎರಡ ವರ್ಷದ ಹಿಂದ ಚೊಚ್ಚಲಕ್ಕೂ ಇಲ್ಲೇ ಬರಬೇಕಾಗಿತ್ತು ಆಕಿ. ನಿಮ್ಮ ಪರೀಕ್ಷಾ ಇದ್ವು. ಕಲಿಯೂ ಹುಡುಗರನ್ನ ಎಬ್ಬಸಬಾರದು ಅಂತ ನೀಲಕ್ಕ ಬಾಯಿ ಬಿಡಲಿಲ್ಲ. ಗಂಡನ ಮನ್ಯಾಗ ಸುಗ್ಗಿ, ಹನ್ನೆರಡ ಮಂದಿ, ಬಾಣಂತಿನ್ನ ನೋಡವರ ಯಾರು? ಗಂಡ ಕೂಸು. ನಾಲ್ಕ ದಿನಾ ಇತ್ತು.”

ಆ ವರ್ಷ ನೀಲಕ್ಕ ಎಂದಿನಂತೆ ನಮ್ಮ ಬಾಗಿಲ ಮುಂದೆ ನೀರು ಚಿಮುಕಿಸಿ ಕಸ ಹೊಡೆದದ್ದು ನನಗೆ ನೆನಪಿದೆ. ಕೋಣೆ ಇದ್ದಿದ್ದರೆ ಆ ಕೂಸು ಉಳಿಯುತ್ತಿತ್ತೋ ಇಲ್ಲವೋ ಯಾರೂ ಹೇಳಲಾರರು. ಆದರೆ ಕೋಣೆಯಲ್ಲಿ ನಾವಿದ್ದೆವು. ನಾನು ಒಳಗೆ ಹೋಗಿ ಇದನ್ನು ದತ್ತಾರಾಮ, ಪುಂಡಲೀಕರಿಗೆ ಹೇಳಿದೆ. ಆ ದಿನ ಸ್ಟೋವು ಹೊತ್ತಿಸುವ ಮನಸ್ಸು ಯಾರಿಗೂ ಆಗಲಿಲ್ಲ.

ಎಲ್ಲ ಸಾಮಾನನ್ನೂ ಊರವರಿಗೆ ಸುಮ್ಮನೆ ಕೊಟ್ಟುಬಿಡುವುದೆಂದು ತೀರ್ಮಾನವಾಯಿತು. ಮೊದಲು ನೀಲಕ್ಕನನ್ನೇ ಕೇಳಿದೆವು. ಆಕೆ, ಓದುವ ಹುಡುಗರ ಸಾಮಾನು ನನಗೆ ಬೇಡ ಎಂದಳು. ಹಂಚುವ ಕೆಲಸವನ್ನು ನಾನು ವಹಿಸಿಕೊಂಡೆ. ಗೋವೆಯವರಿಗೆ ಇಲ್ಲಿಯ ರೀತಿನೀತಿ ಏನು ಗೊತ್ತು, ಇದು ನಮ್ಮಂಥವರೇ ಮಾಡಬೇಕಾದ ಕೆಲಸ ಎಂದು ಅವರೆದುರು ಹತ್ತು ನಿಮಿಷ ಭಾಷಣ ಮಾಡಿದೆ. ಆಗ ನನಗೆ ಮೀಸೆ ಚಿಗುರುತ್ತಿತ್ತು. ಅದು ಚಿಗುರುವಾಗ ಎಲ್ಲ ಗಂಡಸರಿಗೂ ರೀತಿನೀತಿ ಗೊತ್ತಿರುತ್ತದೆ.

ಮೊದಲ ಪಾತೇಲಿಯನ್ನು ಮಲ್ಲವ್ವನಿಗೆ ಕೊಡಲು ಹೊರಟವನು ಹೊಸ್ತಿಲಲ್ಲಿ ನಿಂತೆ. ಖಾಲಿ ಪಾತ್ರೆ ಹಿಡಿದು ಒಬ್ಬರ ಮನೆಗೆ ಹೋಗುವುದೇ? ಅವ್ವ ಕಲಿಸಿದ್ದು ನೆನಪಾಯಿತು. ಒಳಗೆ ಹೋಗಿ, ಉಳಿದಿದ್ದ ಅಕ್ಕಿಯಲ್ಲಿ ನಾಲ್ಕು ಹಿಡಿ ಅದರಲ್ಲಿ ಹಾಕಿಕೊಂಡು ಹೋಗಿ ಕೊಟ್ಟೆ. “ಇಟಗೋರಿ ಮಲ್ಲವ್ವ” ಎಂದೆ. ಆಕೆ ಸಂತೋಷದಿಂದ ಇಟ್ಟುಕೊಂಡಳು. ಸಂಜೆ ಪಾತೇಲಿ ಬೆಳಗಿಕೊಂಡು ತಿರುಗಿ ಬಂತು, ಮೇಲೆ ಎರಡು ಬೆಲ್ಲದ ಹೆಂಟೆ. ಆಕೆ ಇಟ್ಟುಕೊಂಡದ್ದು ಅಕ್ಕಿಯನ್ನು.

“ಪಾತೇಲಿನೂ ನಿಮಗ ಕೊಟ್ಟಿದ್ದು” ಎಂದೆ.

“ಹೌದನ? ಮತ್ತ ಆ ಬೆಲ್ಲ ಒಳಗ ಇಟ್ಟ ಪಾತೇಲಿ ಕೊಡು” ಎಂದವಳು, ಅರ್ಧ ತಾಸಿನಲ್ಲಿ ಒಂದು ಪುಟ್ಟಿ ಶೇಂಗಾ ತಂದು ಸುರಿದಳು. “ಸಾಲಿ ಹುಡುಗರದು ಪುಕಟ ತಗೊಂಡ್ರ ನನಗ ನಿದ್ದಿ ಹತ್ತೂದಿಲ್ಲಪಾ.” ಪುಟ್ಟಿ ಸಹ ನಮ್ಮ ಕೋಣೆಯಲ್ಲೇ ಉಳಿಯಿತು. ಅದನ್ನು ಬರಿದಾಗಿ ಕೊಡಲು ನನಗೆ ಮನಸ್ಸಾಗಲಿಲ್ಲ, ಒಂದು ಹೆಂಟೆ ಬೆಲ್ಲ ಇಟ್ಟು ಕೊಟ್ಟೆ. ಅದು ಮರುದಿನ ಬೆಳಿಗ್ಗೆ ಸೌತೆಕಾಯಿ ತುಂಬಿಕೊಂಡು ಬಂತು.

ಉಳಿದ ಮನೆಗಳಲ್ಲೂ ಹೀಗೆಯೇ. ಒಂದು ಕಂದೀಲು ಹೋದರೆ ಮೂರು ಕುಂಬಳಕಾಯಿ ಬಂದವು. ಚಾಪೆ ಹೋಗಿ ಸಂಕೇಶ್ವರದ ಮೆಣಸಿನಕಾಯಿಯ ಚೀಲ ಬಂತು. ಅದು ಬಂದ ಮೇಲೆ ನಾವು ಮೂವರೂ ಸೀನುತ್ತ ಮಾತಾಡತೊಡಗಿದೆವು. ತುರಿಯುವ ಮಣೆಯನ್ನು ಒಂದು ಮನೆಗೆ ಕೊಟ್ಟಾಗ ಅಲ್ಲಿಯ ಮುದುಕಿ ಅದರ ಹಲ್ಲನ್ನು ಮುಟ್ಟಿ ನೋಡಿ, ಇದು ಯಾರಿಗೆ ಕೊಡುವ ಶಿಕ್ಷೆ ಎಂದು ಕೇಳಿದಳು. ದತ್ತಾರಾಮ ಹೋಗಿ ಅದರ ಮೇಲೆ ಕೂತು, ಇಲ್ಲದ ತೆಂಗಿನಕಾಯಿಯನ್ನು ತುರಿದು ತೋರಿಸಿದ. ಆ ಮನೆಯವರು ಊಟ ಹಾಕಿ, ಜೋಳ ಕಟ್ಟಿ, ಮಣೆಯನ್ನೂ ಜೊತೆಗೇ ಕಳಿಸಿದರು.

ಮಂಗಳವಾರ ಧುಪದಾಳದ ಕಡೆಯ ಕುರುಬ ಸಿದ್ದಪ್ಪ ಹಾಲು ಕೊಡಲು ಬಂದಾಗ ಪುಂಡಲೀಕನ ಕೋಟನ್ನು ಅವನಿಗೆ ತೊಡಿಸಿದೆ. ಇವನಾದರೂ ಊರ ಹೊರಗಿನವನು, ತಿರುಗಿ ಬರುವುದಿಲ್ಲ ಎಂದು ನನ್ನ ಎಣಿಕೆ. ಸಿದ್ದಪ್ಪ ಕೋಟಿನ ಗುಂಡಿಗಳನ್ನು ಒಂದೊಂದಾಗಿ ಹಾಕಿಕೊಂಡು ಹೋದ. ಬುಧವಾರ ಬೆಳಿಗ್ಗೆ ಹೆಗಲ ಮೇಲೆ ಒಂದು ಕುರಿಮರಿ ಹೊತ್ತು ಬಂದು, ಕೋಣೆಯ ಕಿಟಕಿಗೆ ಕಟ್ಟಿ, ಕೈಮುಗಿದು ಹೋದ.

ದತ್ತಾರಾಮ ಕುರಿಮರಿಯನ್ನು ನೋಡಿ ನನ್ನ ಕಡೆ ತಿರುಗಿದ. “ಶಿವಲಿಂಗಾ, ಕೋಟ ಮೂಲ್ಯಾಗ ಸುಮ್ಮನ ಇರ್ತಿತ್ತು. ಇದು ಒದರತೈತಿ” ಎಂದ.

“ಜಕಾತಿಯವರಿಗೆ ಏನ ಹೇಳೂನು? ಇದನ್ನೂ ಕಚ್ಚಿ ನೋಡ್ತಾರ” ಎಂದ ಪುಂಡಲೀಕ.

ನಗುವ ಹೊತ್ತಾಗಿರಲಿಲ್ಲ. ನಾಲ್ಕು ದಿನ ಊರೆಲ್ಲ ಅಲೆದು ನಾನು ಸಾಧಿಸಿದ್ದೆಂದರೆ, ಕಾಲಿಡಲು ಜಾಗವಿದ್ದ ಕೋಣೆಯಲ್ಲಿ ಈಗ ಅದೂ ಇರಲಿಲ್ಲ. ನಾಳೆ ಚೆನ್ನವ್ವ ಬರುವವಳು. ಎರಡನೆಯ ಸಲವೂ ಆಕೆಗೆ ಕೋಣೆ ತಪ್ಪಿಸುವವರು ನಾವೇ ಆಗುತ್ತೇವೆ ಎಂದು ನನಗೆ ನಿಜವಾಗಿಯೂ ಭಯವಾಯಿತು.

ಆಕೆ ನಾಳೆಯವರೆಗೂ ಕಾಯಲಿಲ್ಲ. ಅವತ್ತೇ ಮಧ್ಯಾಹ್ನ ಮನೆಯ ಮುಂದಿನ ಬೇವಿನ ಗಿಡದ ಕೆಳಗೆ ಹುಕ್ಕೇರಿಯ ಗಾಡಿ ಬಂದು ನಿಂತಿತು. ಹೊಟ್ಟೆ ನೋಯುವ ಹಾಗಿದೆ ಎಂದು ಒಂದು ದಿನ ಮೊದಲೇ ಕರೆತಂದಿದ್ದರು. ಚೆನ್ನವ್ವ ಗಾಡಿಯಲ್ಲಿ ಎರಡೂ ಕೈಯೂರಿ ಕೂತಿದ್ದಳು, ಮುಖ ಬಿಳಿಚಿತ್ತು. ನೀಲಕ್ಕ ಮಗಳ ಹಣೆ ಮುಟ್ಟಿ ನೋಡಿ, ಒಳಗೆ ಬಂದು, ಕೋಣೆಯ ಬಾಗಿಲಲ್ಲಿ ನಿಂತಳು. ಬೆಲ್ಲ, ಕುಂಬಳಕಾಯಿ, ಜೋಳ, ಮೆಣಸಿನಕಾಯಿ, ಕುರ್ಚಿ, ಕೊಡ, ಕುರಿಮರಿ, ಅದರ ಹಿಂದೆ ಮೂವರು ವಿದ್ಯಾವಂತರು. ಬೈದರೆ ಬೈಸಿಕೊಳ್ಳಲು ನಾವು ತಲೆ ತಗ್ಗಿಸಿ ನಿಂತೆವು.

“ಇವೆಲ್ಲಾ ನನಗ ಕೊಟ್ರೇನು?” ಎಂದಳು.

“ಕೊಟ್ಟೇವಿ ಮಾವಶಿ” ಎಂದ ದತ್ತಾರಾಮ.

ನೀಲಕ್ಕ ಸೀದಾ ಬೀದಿಗೆ ಹೋಗಿ ನಿಂತಳು. ಆಕೆ ದನಿ ಎತ್ತಿದ್ದನ್ನು ನಾನು ನಾಲ್ಕು ವರ್ಷದಲ್ಲಿ ಕೇಳಿರಲಿಲ್ಲ. “ಮಲ್ಲವ್ವಾ, ಎಲ್ಲಾರನ್ನೂ ಕರಕೊಂಡ ಬಾ. ಒಳಗಿನ ಸಾಮಾನ ಒಬ್ಬೊಬ್ಬರು ಒಂದೊಂದ ಒಯ್ರಿ. ನಿಮಗ ಕೊಡಾಕತ್ತಿಲ್ಲ, ಅವು ನನ್ನವು. ನಿಮ್ಮ ಮನ್ಯಾಗ ಇಟಗೊಂಡಿರ್ರಿ. ಕೂಸಿನ್ನ ತೊಟ್ಟಿಲಾಗ ಹಾಕೂ ದಿನಾ ತಂದ ಕೊಡ್ರಿ.”

ಬೀದಿಯವರೆಲ್ಲ ಕೈಕೆಲಸ ಬಿಟ್ಟು ಬಾಗಿಲುಗಳಿಗೆ ಬಂದು ಆಕೆಯನ್ನೇ ನೋಡಿದರು. ಯಾಕೆಂದು ಆಮೇಲೆ ನನಗೆ ಹೊಳೆಯಿತು. ಒಂಬತ್ತು ತಿಂಗಳಿಂದ ನೀಲಕ್ಕ, ಮಗಳು ಬರುತ್ತಾಳೆ ಎಂಬುದಷ್ಟು ಬಿಟ್ಟರೆ, ಯಾರ ಎದುರೂ ಕೂಸಿನ ಸುದ್ದಿ ಎತ್ತಿರಲಿಲ್ಲ. ತೊಟ್ಟಿಲು ಅಟ್ಟದಿಂದ ಇಳಿದಿರಲಿಲ್ಲ, ಕೂಸಿನ ತಲೆಗೆಂದು ಒಂದು ಕುಂಚಿಗೆಯನ್ನೂ ಹೊಲಿದಿರಲಿಲ್ಲ. ತೊಟ್ಟಿಲಲ್ಲಿ ಹಾಕುವ ಹದಿಮೂರನೆಯ ದಿನವೆಂಬುದೊಂದು ಬರುತ್ತದೆ ಎಂದು ಆಕೆ ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

ಹೆಂಗಸರು ಓಡಿ ಬಂದರು. ಕೊಟ್ಟರೆ ಪುಕಟ ಬೇಡವೆನ್ನುತ್ತಿದ್ದವರು, ಕಾಯ್ದಿಡಿ ಎಂದಾಗ ಎರಡೂ ಕೈಯಲ್ಲಿ ಹೊತ್ತುಕೊಂಡು ಹೋದರು. ನಾಲ್ಕು ದಿನದಲ್ಲಿ ನನ್ನಿಂದಾಗದ್ದು ಅರ್ಧ ತಾಸಿನಲ್ಲಿ ಮುಗಿಯಿತು. ತುರಿಯುವ ಮಣೆಯನ್ನು ಅದೇ ಮುದುಕಿ ಹಲ್ಲಿಗೆ ಬಟ್ಟೆ ಸುತ್ತಿ ಎದೆಗವುಚಿಕೊಂಡು ಒಯ್ದಳು. ಸಿದ್ದಪ್ಪನನ್ನು ಹುಡುಕಿ ಕುರಿಮರಿಯನ್ನು ಅವನ ವಶಕ್ಕೇ ಕೊಟ್ಟು ಬಂದೆ. ಕಡೆಗೆ ಮೂಲೆಯಲ್ಲಿ ಉಳಿದದ್ದು ಬರಣಿ ಮಾತ್ರ. ಅದನ್ನು ಯಾರೂ ಮುಟ್ಟದಂತೆ ಪುಂಡಲೀಕ ಅದರ ಮುಂದೆ ನಿಂತಿದ್ದ.

ನೀಲಕ್ಕ ಸೆಗಣಿಯ ಬುಟ್ಟಿ ಹಿಡಿದು ಬಂದವಳು, “ಅದನ್ನ ಮಾತ್ರ ಹೊಳೀಗೆ ಬಿಟ್ಟ ಬರ್ರಿ. ನಾಲ್ಕ ವರ್ಷ ಮೂಗ ಮುಚಗೊಂಡೇನಿ, ಬಾಣಂತಿ ಮುಂದ ಆಗೂದಿಲ್ಲ” ಎಂದಳು.

ಮೂವರೂ ಬರಣಿಯನ್ನು ಹೊತ್ತು ಹೊಳೆಗೆ ಹೋದೆವು. ನಾವು ತಿರುಗಿ ಬರುವಷ್ಟರಲ್ಲಿ ಕೋಣೆ ಸಾರಿಸಿ, ಕಿಟಕಿಗೆ ಸೀರೆ ಕಟ್ಟಿ, ಹಗ್ಗದ ಹೊರಸು ಹಾಕಿ, ಚೆನ್ನವ್ವನನ್ನು ಮಲಗಿಸಿ ಆಗಿತ್ತು. ಬಾಗಿಲು ಮುಚ್ಚಿತ್ತು. ನಮ್ಮ ಗಂಟುಗಳು ಕಟ್ಟೆಯ ಮೇಲೆ ಇದ್ದವು.

ಗೋವೆಯವರು ಅಲ್ಲಿಂದಲೇ ಸ್ಟೇಶನ್ನಿಗೆ ಹೊರಟರು. ಹೋಗುವಾಗ ದತ್ತಾರಾಮ ಮುಚ್ಚಿದ ಬಾಗಿಲಿಗೆ ಒಮ್ಮೆ ಕೈಮುಗಿದ. ನಾನು ಮೂಡಲಗಿಗೆ ಹೋದೆ, ಕಾಯ್ದಿಟ್ಟು ತರಲೆಂದು ನನ್ನ ಪಾಲಿಗೆ ಬಂದ ಒಂದು ಪಾತೇಲಿಯೊಂದಿಗೆ. ಚೆನ್ನವ್ವನಿಗೆ ಮಗಳು ಹುಟ್ಟಿದಳೆಂಬ ಸುದ್ದಿ ಸಂತೆಗೆ ಬಂದವರಿಂದ ತಿಳಿಯಿತು. ಅದಾದ ಮೇಲೆ ನಾನು ದಿನ ಎಣಿಸಿ ಕಾದಷ್ಟು ಪರೀಕ್ಷೆಯ ಫಲಿತಾಂಶಕ್ಕೂ ಕಾಯಲಿಲ್ಲ. ಮೂರನೆಯ ದಿನ ಊಟ ರುಚಿಸಲಿಲ್ಲ. ಮೊದಲ ಕೂಸು ಇದ್ದದ್ದು ನಾಲ್ಕು ದಿನ; ನಾಲ್ಕನೆಯ ದಿನ ಬೆಳಗಿನಿಂದ ಕಟ್ಟೆಯ ಮೇಲೆ ಕೂತು ಗೋಕಾಕದ ದಾರಿ ನೋಡಿದೆ. ಅವ್ವ ನನಗೆ ಜ್ವರವೆಂದು ಕಷಾಯ ಕುಡಿಸಿದಳು. ಆರನೆಯ ದಿನ ಗೋಕಾಕದಿಂದ ಬಂದ ಬಳೆಗಾರನೊಬ್ಬನನ್ನು ತಡೆದು ಕೇಳಿದೆ. ಕೂಸು ಊರೆಲ್ಲ ಕೇಳುವ ಹಾಗೆ ಅಳುತ್ತಿದೆ ಎಂದ. ಅಷ್ಟು ಒಳ್ಳೆಯ ಸುದ್ದಿಯನ್ನು ನಾನು ಮತ್ತೆ ಕೇಳಿಲ್ಲ. ಅವತ್ತೇ ಗೋವೆಗೆ ಕಾರ್ಡು ಬರೆದು ಹಾಕಿದೆ.

ಹದಿಮೂರನೆಯ ದಿನ ಅವ್ವ ಪಾತೇಲಿಯ ತುಂಬ ಬಾಣಂತಿಗೆ ತಿನ್ನಿಸುವ ಒಣಕೊಬ್ಬರಿ, ಅಂಟು, ಅಳವಿ ತುಂಬಿ ಕಳಿಸಿದಳು. ನಾನು ಗೋಕಾಕ ಮುಟ್ಟುವಷ್ಟರಲ್ಲಿ ಓಣಿಯೇ ನೀಲಕ್ಕನ ಮನೆಯ ಮುಂದಿತ್ತು. ಒಯ್ದವರೆಲ್ಲ ಒಯ್ದದ್ದನ್ನು ತಂದಿದ್ದರು, ಯಾರೂ ಬರಿದಾಗಿ ತಂದಿರಲಿಲ್ಲ. ಕೊಡದ ತುಂಬ ಗೋದಿ, ಕುರ್ಚಿಯ ಮೇಲೆ ಮಡಿಸಿದ ಕೌದಿ, ಸಿದ್ದಪ್ಪನ ಕುರಿಮರಿಯ ಬೆನ್ನ ಮೇಲೆ ಅಂಗೈ ಅಗಲದ ಕಂಬಳಿ. ಸಿದ್ದಪ್ಪ ಆ ಬೇಸಿಗೆಯಲ್ಲಿ ಕೋಟು ತೊಟ್ಟು ಬಂದಿದ್ದ.

ಜಂತಿಗೆ ತೊಟ್ಟಿಲು ಕಟ್ಟಿತ್ತು. ನೀಲಕ್ಕ ಅಷ್ಟೊಂದು ಜನರನ್ನೂ ಅಷ್ಟೊಂದು ಪಾತ್ರೆಗಳನ್ನೂ ನೋಡಿ ನಿಂತಳು. ಒಳಗೆ ಹೋಗಿ ಡಬ್ಬಿಗಳನ್ನು ತಡಕಾಡಿದ್ದು ಹೊರಗೆ ಕೇಳಿಸಿತು. ಅಷ್ಟು ಮಂದಿಗೆ ತಿರುಗಿ ಕೊಡಲು ಆ ಮನೆಯಲ್ಲಿ ಏನಿದ್ದೀತು? ಬರಿಗೈಯಲ್ಲಿ ಹೊರಗೆ ಬಂದಳು. ಆಮೇಲೆ ತೊಟ್ಟಿಲಿಗೆ ಹೋಗಿ, ಕೂಸನ್ನು ಎತ್ತಿಕೊಂಡು, ಮೊದಲು ಮಲ್ಲವ್ವನ ಉಡಿಯಲ್ಲಿ ಹಾಕಿದಳು. ಆಮೇಲೆ ಮಣೆಯ ಮುದುಕಿಯ ಉಡಿಯಲ್ಲಿ. ಹೀಗೆ ಒಬ್ಬರಾದ ಮೇಲೆ ಒಬ್ಬರಿಗೆ, ಓಣಿಯ ಅಷ್ಟೂ ಜನರಿಗೆ. ಸಿದ್ದಪ್ಪ ಕೈ ಒರಟು ಎಂದು ಹಿಂದೆ ಸರಿದ; ಅವನನ್ನೂ ಬಿಡಲಿಲ್ಲ. ಕೊಡುವಾಗಲೆಲ್ಲ ಆಕೆಯ ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ.

ಕಡೆಗೆ ನನ್ನ ಸರದಿ ಬಂತು. ಹೊಸ ಧೋತರ ಉಟ್ಟು, ಪಾಸಾಗುವ ಮೊದಲೇ ಮಾಸ್ತರನ ಗತ್ತಿನಲ್ಲಿ ಚಕ್ಕಂಬಕ್ಕಳ ಹಾಕಿ ಕೂತಿದ್ದೆ. ನೀಲಕ್ಕ ಕೂಸನ್ನು ನನ್ನ ತೊಡೆಯ ಮೇಲೆ ಮಲಗಿಸಿ, “ನೀ ಬಿಟ್ಟ ಕೊಟ್ಟ ಕೋಣ್ಯಾಗ ಹುಟ್ಟೇತಿ, ನೋಡ್ಕೊ ತಮ್ಮಾ” ಎಂದಳು. ಏನೋ ಹೇಳಬೇಕೆಂದು ಬಾಯಿ ತೆರೆದೆ. ಕೂಸು ನನ್ನನ್ನು ಕಣ್ಣು ಕಿರಿದು ಮಾಡಿ ನೋಡಿತು, ಒಮ್ಮೆ ಮೈ ಮುರಿಯಿತು, ನಾಲ್ಕು ಜನರೆದುರು ನನ್ನ ಹೊಸ ಧೋತರವನ್ನು ಪೂರ್ತಿ ತೊಯ್ಯಿಸಿತು. ನಾನು ಅಲುಗಾಡದೆ ಕೂತೆ.